ಒಂಬತ್ತು ಕೋಳಿಗೆ ಉಗುರುಬೆಚ್ಚಗಿನ ನೀರು

ಜನವರಿ 6, ಸೋಮವಾರ

ಈ ಡೈರಿ ಬರೆಯಲು ಒಂದೇ ಕಾರಣ. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಯಾರೂ ನನ್ನ ಕಡೆ ಬೊಟ್ಟು ಮಾಡಬಾರದು. ಯಾವ ದಿನ ಏನು ಮಾಡಿದೆ ಎಂಬುದು ದಿನಾಂಕದ ಸಮೇತ ಇಲ್ಲಿರುತ್ತದೆ.

ಸೊಸೆಯನ್ನು ಇವತ್ತು ಬೆಳಿಗ್ಗೆ ದೊಡ್ಡಾಸ್ಪತ್ರೆಗೆ ಸೇರಿಸಿದರು. ಏಳು ತಿಂಗಳು. ಬಿ.ಪಿ. ಏರಿದೆ, ಹೆರಿಗೆಯವರೆಗೂ ಅಲ್ಲೇ ಮಲಗಿರಬೇಕಂತೆ. ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಮಗ ರಜೆ ಹಾಕಿ ಆಸ್ಪತ್ರೆಯ ಹತ್ತಿರವೇ ಒಂದು ರೂಮು ಹಿಡಿದಿದ್ದಾನೆ. ಇಲ್ಲಿ ಉಳಿದದ್ದು ನಾನು, ಹಿತ್ತಲಿನಲ್ಲಿ ಅವಳ ಒಂಬತ್ತು ಕೋಳಿಗಳು.

ಹೊರಡುವ ಮುಂಚೆ ಅಡುಗೆಮನೆಯ ಗೋಡೆಗೆ ಒಂದು ಚೀಟಿ ಅಂಟಿಸಿದ್ದಾಳೆ. ಚೀಟಿಯಲ್ಲ ಅದು, ಕಾನೂನು ಪುಸ್ತಕ. ಚಳಿಗಾಲದಲ್ಲಿ ಕೋಳಿಗಳು ಕಾಳು ತಿನ್ನುತ್ತವಂತೆ, ನೀರು ಕುಡಿಯುವುದಿಲ್ಲವಂತೆ, ಕುಡಿಸಬೇಕಂತೆ. ಬೆಳಿಗ್ಗೆ ಏಳಕ್ಕೊಮ್ಮೆ, ಮಧ್ಯಾಹ್ನ ಒಮ್ಮೆ, ನಾಲ್ಕಕ್ಕೊಮ್ಮೆ. ನೀರು ಉಗುರುಬೆಚ್ಚಗಿರಬೇಕು. ಸೋಮವಾರ ಮತ್ತು ಗುರುವಾರ ವಿಟಮಿನ್ ಪುಡಿ ಅರ್ಧ ಚಮಚ. ಉಳಿದ ದಿನ ಲೀಟರಿಗೆ ಒಂದು ಚಮಚ ಸೇಬಿನ ವಿನೆಗರ್. ಕೊನೆಯಲ್ಲಿ ಅಡಿಗೆರೆ ಒಂದಲ್ಲ, ಎರಡು: ‘ನೀರಿಗೆ ಹಸಿರು ಪ್ಲಾಸ್ಟಿಕ್ ಡಬ್ಬವೇ ಆಗಬೇಕು. ಬೇರೆ ಪಾತ್ರೆ ಇಡಬೇಡಿ.’

ನಲವತ್ತೊಂದು ವರ್ಷ ತಗಡಿನ ಕೆಲಸ ಮಾಡಿದವನು ನಾನು. ಈ ಊರಿನ ಅರ್ಧ ಮನೆಗಳ ಬಕೆಟ್ಟು, ಡ್ರಮ್ಮು, ಕೊಳವೆ ನನ್ನ ಕೈಯಲ್ಲಿ ಹುಟ್ಟಿದವು. ನನಗೆ ಪಾತ್ರೆಯ ಪಾಠ! ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎನ್ನುತ್ತಾರೆ ಲೋಕದಲ್ಲಿ. ಈ ಮನೆಯಲ್ಲಿ ಮಾತ್ರ ಎಲ್ಲವೂ ಕೋಳಿಯನ್ನು ಕೇಳಿಯೇ.

ಆದರೂ ನ್ಯಾಯವಾಗಿ ಒಂದು ಮಾತು ಬರೆಯಬೇಕು. ಹಿಂದೆ ಎರಡು ಸಲ ಅವಳ ಬಸಿರು ನಿಲ್ಲಲಿಲ್ಲ. ಎರಡನೆಯ ಸಲ ಆಸ್ಪತ್ರೆಯಿಂದ ಬಂದ ವಾರಕ್ಕೆ ಎಲ್ಲಿಂದಲೋ ರಟ್ಟಿನ ಪೆಟ್ಟಿಗೆಯಲ್ಲಿ ಒಂಬತ್ತು ಮರಿಗಳನ್ನು ತಂದು ಒಲೆಯ ಪಕ್ಕ ಇಟ್ಟುಕೊಂಡು ಸಾಕಿದಳು. ಆಗ ನಾನು ಏನೂ ಅನ್ನಲಿಲ್ಲ. ಏನನ್ನಬೇಕೆಂದು ಗೊತ್ತಾಗಲಿಲ್ಲ. ಈಗಲೂ ಗೊತ್ತಿಲ್ಲ.

ಜನವರಿ 8

ಅವಳು ಒಂದೊಂದಕ್ಕೂ ಹೆಸರಿಟ್ಟಿದ್ದಾಳೆ. ಗಯ್ಯಾಳಿಯಂತೆ, ಅವಸರಿಯಂತೆ, ಸೋಮಾರಿಯಂತೆ. ನನಗೆ ಅದೆಲ್ಲ ಆಗದು. ಕಾಲಿಗೆ ದಾರ ಕಟ್ಟಿ ಗಂಟು ಹಾಕಿದೆ. ಒಂದು ಗಂಟಿನದು ಒಂದನೇ ನಂಬರು, ಹೀಗೆ ಒಂಬತ್ತರವರೆಗೆ. ತಲೆಯ ಮೇಲೆ ಗರಿಯ ಜುಟ್ಟು ಇರುವುದು ನಾಲ್ಕನೇ ನಂಬರು. ದಾರ ಕಟ್ಟುವಾಗ ನನ್ನ ಹೆಬ್ಬೆರಳು ಕುಕ್ಕಿ ರಕ್ತ ತೆಗೆಯಿತು.

ಬೆಟ್ಟದ ಮೇಲಿನ ಈ ಊರಿನ ಚಳಿ ಹೇಳತೀರದು. ಬೆಳಿಗ್ಗೆ ಹೋಗಿ ನೋಡಿದರೆ ಹಸಿರು ಡಬ್ಬದ ನೀರಿನ ಮೇಲೆ ಗಾಜಿನಂತೆ ಮಂಜುಗಡ್ಡೆ. ಬೆರಳಿಂದ ಒತ್ತಿದರೆ ಒಡೆಯಿತು. ಬಿಸಿನೀರು ಬೆರೆಸಿ, ವಿನೆಗರ್ ಹಾಕಿ ಇಟ್ಟೆ. ಆರು ಬಂದವು. ಮೂರು ನನ್ನ ಮುಖ ನೋಡಿ ನಿಂತವು.

ಸಂಜೆ ಐದಕ್ಕೆ ಸೊಸೆಯ ಫೋನು. ಅವಳ ಆರೋಗ್ಯ ಹೇಗಿದೆಯೆಂದು ನಾನು ಕೇಳುವಷ್ಟರಲ್ಲಿ ಅವಳೇ ಶುರು ಮಾಡಿದಳು.

‘ಮಾವ, ಎಲ್ಲಾ ಕುಡಿದ್ವಾ?’

‘ಕುಡಿದ್ವಮ್ಮ.’

‘ಒಂಬತ್ತೂ?’

‘ಒಂಬತ್ತೂ.’

ಆರು ಕುಡಿದವು ಎಂದರೆ ಹತ್ತು ನಿಮಿಷದ ಉಪನ್ಯಾಸ. ಅದು ಯಾರಿಗೆ ಬೇಕು?

ಜನವರಿ 11, ಶನಿವಾರ

ಹಸಿರು ಡಬ್ಬ ಒಡೆಯಿತು.

ಒಡೆಯಿತು ಎಂದರೆ ತಾನಾಗಿ ಒಡೆಯಲಿಲ್ಲ. ನಿನ್ನೆ ಸಂಜೆ ನೀರು ಚೆಲ್ಲಿ ಒಳಗೆ ತರಬೇಕಿತ್ತು, ಮರೆತೆ. ಬೆಳಿಗ್ಗೆ ತಳದವರೆಗೂ ಕಲ್ಲಾಗಿತ್ತು. ಸುತ್ತಿಗೆ ತಂದು ಮೆಲ್ಲಗೆ ಎರಡು ತಟ್ಟಿದೆ. ಮೂರನೆಯದು ಅಷ್ಟು ಮೆಲ್ಲಗೆ ಬೀಳಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಪ್ಲಾಸ್ಟಿಕ್ಕು ಚಳಿಗೆ ಬಿಸ್ಕತ್ತಿನ ಹಾಗೆ ಆಗಿರುತ್ತದೆ, ಅದು ಡಬ್ಬ ಮಾಡಿದವನ ತಪ್ಪು.

ಚೂರುಗಳನ್ನು ಚೀಲಕ್ಕೆ ಹಾಕಿ ಸೌದೆಯ ಹಿಂದೆ ಇಟ್ಟೆ. ಸಂಜೆ ಫೋನಿನಲ್ಲಿ ಹೇಳಲಿಲ್ಲ. ಅವಳು ಡಬ್ಬದ ವಿಷಯ ಕೇಳಲೂ ಇಲ್ಲ.

ಜನವರಿ 13

ನಿನ್ನೆ ಬರೆಯಲು ಪುರುಸೊತ್ತಾಗಲಿಲ್ಲ. ಕೈ ನೋಯುತ್ತಿದೆ, ಆದರೆ ಕೆಲಸ ಬಿಟ್ಟ ಮೇಲೆ ಇಂಥ ನೋವು ಬಂದು ಆರು ವರ್ಷವಾಗಿತ್ತು.

ಶೆಡ್ಡಿನಲ್ಲಿ ಒಂದು ಹಾಳೆ ಜಿಂಕ್ ತಗಡು ಉಳಿದಿತ್ತು. ಮೀನಿನ ಹೊಟ್ಟೆಯಂತೆ ಮಿರಮಿರ ಮಿಂಚುವ ಹಳೆಯ ಕಾಲದ ಗಟ್ಟಿ ಮಾಲು. ನೋಡಿದ ಕೂಡಲೇ ಕೈ ತುರಿಸಿತು. ಮೊದಲು ಕಾಗದದಲ್ಲಿ ಅಳತೆ ಕತ್ತರಿಸಿಕೊಂಡೆ. ಒಳಗೊಂದು ಕೊಳಗ, ಹೊರಗೊಂದು ಕೊಳಗ, ನಡುವೆ ಒಣಹುಲ್ಲು. ಸುತ್ತ ಎರಡು ಬೆರಳಗಲದ ತೊಟ್ಟಿ. ಅಡಿಯಲ್ಲಿ ಒಂದು ಗೂಡು, ಅದರೊಳಗೆ ಸಣ್ಣ ಬಲ್ಬು. ಬಲ್ಬಿನ ಬಿಸಿಗೆ ನೀರು ದಿನವಿಡೀ, ರಾತ್ರಿಯಿಡೀ ಉಗುರುಬೆಚ್ಚಗೆ. ಮೂರು ಹೊತ್ತು ಕೆಟಲ್ ಹಿಡಿದು ಓಡುವ ಕೆಲಸವೇ ಇಲ್ಲ. ಅಂಚು ಮಡಿಸಿ ಬಡಿದಿದ್ದೇನೆ, ಕೊಕ್ಕಿಗೆ ತಾಗುವುದಿಲ್ಲ. ಬೆಸುಗೆಯ ಮೇಲೆ ಬೆರಳಾಡಿಸಿದರೆ ಎಲ್ಲಿ ಕೂಡಿದೆ ಎಂದು ತಿಳಿಯದು.

ಹಿತ್ತಲಿನಲ್ಲಿ ಇಟ್ಟು ಪಕ್ಕಕ್ಕೆ ನಿಂತೆ. ಮೊದಲು ಒಂದನೇ ನಂಬರಿನದು ಬಂದು ಸುತ್ತ ಪರೀಕ್ಷೆ ಮಾಡಿತು. ಕುಡಿಯಿತು, ತಲೆ ಎತ್ತಿತು, ಮತ್ತೆ ಕುಡಿಯಿತು. ಆಮೇಲೆ ಎಲ್ಲವೂ ನುಗ್ಗಿದವು. ನನ್ನ ಹೆಂಡತಿ ಇದ್ದಿದ್ದರೆ ತೋರಿಸುತ್ತಿದ್ದೆ. ತೋರಿಸಲು ಯಾರೂ ಇರಲಿಲ್ಲವೆಂದು ಬೇಲಿಯಾಚೆ ಪಕ್ಕದ ಮನೆಯ ಟೀಚರನ್ನೇ ಕರೆದೆ. ರಿಟೈರಾಗಿ ಹತ್ತು ವರ್ಷವಾದರೂ ಎಲ್ಲಕ್ಕೂ ಅಂಕ ಕೊಡುವ ಚಟ ಹೋಗಿಲ್ಲ ಅವರಿಗೆ.

‘ಕೋಳಿಗೆ ಇಷ್ಟು ಚೆಂದದ ಪಾತ್ರೆಯಾ? ನಮ್ಮನೇಲಿ ನಮಗೇ ಇಲ್ಲ!’ ಎಂದರು.

ಬೇರೆ ಪಾತ್ರೆ ಇಡಬೇಡಿ ಅಂತೆ. ಬಂದು ನೋಡಲಿ.

ಜನವರಿ 16

ಐದು ಮೊಟ್ಟೆ. ಈ ಚಳಿಯಲ್ಲಿ ಐದು! ಸೊಸೆಗೆ ಹೇಳಿದೆ. ‘ನಿಮ್ಮ ಕೈಗುಣ ಮಾವ’ ಎಂದಳು. ಮದುವೆಯಾಗಿ ಬಂದು ಎಂಟು ವರ್ಷದಲ್ಲಿ ನನ್ನ ಬಗ್ಗೆ ಒಳ್ಳೆಯ ಮಾತು ಇದೇ ಮೊದಲು. ಪಾತ್ರೆಯ ವಿಷಯ ನಾಲಿಗೆಯ ತುದಿಯವರೆಗೂ ಬಂತು. ಇರಲಿ, ಮಗುವನ್ನು ಎತ್ತಿಕೊಂಡು ಬಂದಾಗ ಕಣ್ಣಾರೆ ನೋಡಲಿ ಎಂದು ಸುಮ್ಮನಾದೆ.

ಜನವರಿ 21

ಆರನೇ ನಂಬರು ಗರಿ ಕೆದರಿಕೊಂಡು ಮೂಲೆಯಲ್ಲಿ ನಿಂತಿದೆ. ಗೋಧಿ ಬಣ್ಣದ್ದು. ಹಿಕ್ಕೆ ಹಸಿರು. ಕಾಳು ತೋರಿಸಿದರೆ ಕತ್ತು ತಿರುಗಿಸುತ್ತದೆ. ಮೂರು ದಿನದಿಂದ ಮೊಟ್ಟೆ ಒಂದೋ ಎರಡೋ ಬರುತ್ತಿತ್ತು, ಚಳಿ ಎಂದುಕೊಂಡಿದ್ದೆ.

ಹೊಟ್ಟೆ ಕೆಟ್ಟಿರಬೇಕು. ಹೊಟ್ಟೆಗೆ ಒಳ್ಳೆಯದೆಂದೇ ಅಲ್ಲವೇ ಅವಳು ವಿನೆಗರ್ ಕೊಡುವುದು? ಲೀಟರಿಗೆ ಒಂದು ಚಮಚದ ಬದಲು ಎರಡು ಹಾಕಿದೆ. ವಿಟಮಿನ್ ಪುಡಿಯೂ ಒಂದು ಚಿಟಿಕೆ ಜಾಸ್ತಿ.

ಜನವರಿ 23, ಗುರುವಾರ

ಆರನೆಯದು ಸತ್ತಿತು. ಬೆಳಿಗ್ಗೆ ಬಾಗಿಲು ತೆಗೆದಾಗ ಪಾತ್ರೆಯ ಪಕ್ಕದಲ್ಲೇ ಬಿದ್ದಿತ್ತು. ಸಾಯುವ ಮುಂಚೆ ನೀರಿಗೆ ಬಂದಿದೆ ಪಾಪ.

ಹಿತ್ತಲಿನ ಕೊನೆಯಲ್ಲಿ ಹೂಳಿದೆ. ನೆಲ ಕಲ್ಲಿನಂತಾಗಿದೆ, ಗುದ್ದಲಿ ಇಳಿಯಲು ಒಂದು ಗಂಟೆ ಹಿಡಿಯಿತು. ಮಗನಿಗೆ ಫೋನ್ ಮಾಡಿದೆ.

‘ಅಪ್ಪ, ಅವಳಿಗೆ ಮಾತ್ರ ಹೇಳ್ಬೇಡಿ. ಮನಸ್ಸಿಗೆ ಬೇಜಾರಾಗೋ ಯಾವ ಸುದ್ದಿನೂ ಬೇಡ ಅಂದಿದಾರೆ ಡಾಕ್ಟರು.’

‘ನಾನ್ಯಾಕೆ ಹೇಳ್ಲಿ?’

ಸಂಜೆ ಐದಕ್ಕೆ ಕೇಳಿದಳು. ಒಂಬತ್ತೂ ಕುಡಿದವು ಎಂದೆ. ಈ ಸಲ ಡಾಕ್ಟರ ಅಪ್ಪಣೆಯ ಮೇಲೆ.

ಜನವರಿ 24

ಇನ್ನೆರಡು ಗರಿ ಕೆದರಿ ನಿಂತಿವೆ. ಎರಡನೇ ನಂಬರು, ಅದೇ ಕಪ್ಪಗಿನ ಮಸಿ, ಮತ್ತು ನಾಲ್ಕು.

ಕಾರಣ ಗೊತ್ತಾಯಿತು. ಕಾಳು! ಕಳೆದ ವಾರ ತಂದ ಹೊಸ ಚೀಲ. ಕೈಗೆ ಹಾಕಿ ಮೂಸಿ ನೋಡಿದೆ, ಮುಗ್ಗು ವಾಸನೆ ಇದ್ದಹಾಗಿತ್ತು. ಚೀಲವನ್ನು ಹೆಗಲ ಮೇಲೆ ಹೊತ್ತುಕೊಂಡೇ ಅಂಗಡಿಗೆ ಹೋಗಿ ಅವನ ಕಟ್ಟೆಯ ಮೇಲೆ ಸುರಿದೆ. ಗಿರಾಕಿಗಳ ಮುಂದೆಯೇ ಬೈದೆ. ಅಂಗಡಿಯವನು ಪಾಪ ಒಂದು ಹಿಡಿ ಎತ್ತಿ ಬಾಯಿಗೆ ಹಾಕಿಕೊಂಡು ಜಗಿದು ತೋರಿಸಿದ.

‘ಮೇಸ್ತ್ರಿ, ಇದೇ ಕಾಳು ನಲವತ್ತು ಮನೆಗೆ ಹೋಗಿದೆ. ಯಾರದ್ದೂ ಸತ್ತಿಲ್ಲ. ನಿಮ್ಮನೇಲೇ ಏನೋ ಇದೆ, ನೋಡ್ಕೊಳ್ಳಿ.’

ನಮ್ಮನೆಯಲ್ಲೇ ಏನೋ ಇದೆಯಂತೆ. ಎಂಥ ಮಾತು! ದಾರಿಯುದ್ದಕ್ಕೂ ಮೈ ಉರಿಯುತ್ತಿತ್ತು. ಮನೆಗೆ ಬಂದು ವಿನೆಗರ್ ಮೂರು ಚಮಚ ಮಾಡಿದೆ. ಬಲ್ಬನ್ನೂ ದೊಡ್ಡದು ಹಾಕಿದೆ, ಇನ್ನಷ್ಟು ಬೆಚ್ಚಗಿರಲಿ.

ಜನವರಿ 26, ಭಾನುವಾರ

ಮಸಿ ಮಧ್ಯಾಹ್ನ ಹೋಯಿತು. ನನ್ನ ಕೈಯಲ್ಲೇ.

ಸಂಜೆ ಅವಳ ಫೋನು. ಎಂದಿನಂತೆ ಒಂಬತ್ತೂ ಎಂದೆ. ಆಗ ಅವಳು,

‘ಮಾವ, ಜುಟ್ಟಿ ಸ್ವರ ಒಂಚೂರು ಕೇಳಿಸ್ತೀರಾ? ಇಲ್ಲಿ ಮಲಗಿ ಮಲಗಿ ಬೇಜಾರಾಗ್ತಿದೆ’ ಎಂದಳು.

ಜುಟ್ಟಿ ಎಂದರೆ ನಾಲ್ಕನೆಯದು. ಅದು ಅಡುಗೆಮನೆಯಲ್ಲಿ ಗೋಣಿಯ ಮೇಲೆ ಕಣ್ಣು ಮುಚ್ಚಿ ಕೂತಿತ್ತು. ಎರಡು ದಿನದಿಂದ ಅದರ ಬಾಯಿಂದ ಸ್ವರ ಬಂದಿಲ್ಲ. ನಾನೇನು ಮಾಡಲಿ? ಗೂಡಿಗೆ ಹೋಗಿ ಗಯ್ಯಾಳಿಯ ಮುಂದೆ ಫೋನ್ ಹಿಡಿದೆ. ಅದೊಂದು ಯಾವಾಗಲೂ ವಟಗುಟ್ಟುತ್ತಿರುತ್ತದೆ. ಇವತ್ತೂ ವಟಗುಟ್ಟಿತು.

ಫೋನನ್ನು ಮತ್ತೆ ಕಿವಿಗೆ ಇಟ್ಟುಕೊಂಡೆ.

‘ಅದು ಜುಟ್ಟಿ ಅಲ್ಲ ಮಾವ.’

‘ಚಳಿಗೆ ಗಂಟಲು ಕಟ್ಟಿದೆಯಮ್ಮ.’

‘ಹೌದಾ,’ ಎಂದಳು. ‘ಸರಿ ಮಾವ.’

ಇಟ್ಟುಬಿಟ್ಟಳು. ಬೇರೆ ಏನೂ ಕೇಳಲಿಲ್ಲ. ಹತ್ತು ನಿಮಿಷ ಉಪನ್ಯಾಸ ಕೊಟ್ಟಿದ್ದರೆ ಚೆನ್ನಾಗಿತ್ತು.

ಜನವರಿ 27

ಟೀಚರೇ ಪಶುವೈದ್ಯರನ್ನು ಕರೆಸಿದರು. ನನಗೆ ಹೇಳದೆ. ಚಿಕ್ಕ ವಯಸ್ಸಿನ ಹೆಂಗಸು, ಗಂಬೂಟು ಹಾಕಿಕೊಂಡು ಬಂದರು. ಒಂದೊಂದನ್ನೂ ಎತ್ತಿ ಕಣ್ಣು, ನೆತ್ತಿಯ ಕೆಂಪು ಶಿಖೆ, ಕಾಲು ನೋಡಿದರು. ಶಿಖೆ ಬಿಳಿಚಿಕೊಂಡಿದೆ, ರಕ್ತ ಕಡಿಮೆಯಾಗಿದೆ ಎಂದರು. ಅವಸರಿಗೂ ಕಾಲಿನಲ್ಲಿ ಶಕ್ತಿಯಿಲ್ಲ.

‘ಇತ್ತೀಚೆಗೆ ಏನಾದ್ರೂ ಹೊಸದಾಗಿ ಮಾಡಿದ್ರಾ? ಊಟ, ನೀರು, ಹಾಸು, ಏನಾದ್ರೂ ಬದಲಾಯಿಸಿದ್ರಾ?’

‘ಏನೂ ಇಲ್ಲ. ಎಲ್ಲಾ ಸೊಸೆ ಬರೆದಿಟ್ಟ ಹಾಗೇ.’

ಬಾಯಿಗೆ ಅಷ್ಟು ಬೇಗ ಬಂತು. ಸುಳ್ಳು ಎಂದು ನನಗೇ ಅನಿಸಲಿಲ್ಲ. ಒಳ್ಳೆಯದನ್ನು ಮಾಡಿಕೊಟ್ಟರೆ ಅದೂ ಬದಲಾವಣೆಯ ಲೆಕ್ಕಕ್ಕೆ ಬರುತ್ತದೆಯೇ?

ಅವರು ಹಿಕ್ಕೆಯನ್ನು ಒಂದು ಡಬ್ಬಿಗೆ ಹಾಕಿಕೊಂಡರು. ಅಂಟುರೋಗ ಆಗಿದ್ದರೆ ಇಲಾಖೆಯವರಿಗೆ ತಿಳಿಸಬೇಕಾಗುತ್ತದೆ, ಅವರು ಬಂದರೆ ಬದುಕಿರುವ ಕೋಳಿಗಳನ್ನೂ ಬಿಡುವುದಿಲ್ಲ ಎಂದರು. ನಾಡಿದ್ದು ಡಾಕ್ಟರು ಮತ್ತೆ ಬರುತ್ತಾರೆ.

ಬದುಕಿರುವವನ್ನೂ. ಏಳಕ್ಕೆ ಏಳೂ. ಅವಳು ಮಗುವಿನೊಂದಿಗೆ ಬಂದು ಹಿತ್ತಲ ಬಾಗಿಲು ತೆಗೆಯುತ್ತಾಳೆ, ಅಲ್ಲಿ ಏನೂ ಇರುವುದಿಲ್ಲ. ಮಗುವಿನೊಂದಿಗೆ ಎಂದು ಬರೆದ ಮೇಲೆ ಮತ್ತೊಮ್ಮೆ ಓದಿಕೊಂಡೆ. ಕೆಟ್ಟದ್ದನ್ನು ಯೋಚಿಸಬಾರದು.

ಜನವರಿ 28

ನಾನೇ.

ಬರೆಯುತ್ತೇನೆ. ಬರೆಯಲೆಂದೇ ಅಲ್ಲವೇ ಈ ಡೈರಿ?

ಡಾಕ್ಟರು ನಾಳೆ ಬರುತ್ತಾರೆ, ಎಲ್ಲ ಚೊಕ್ಕಟವಾಗಿರಲಿ ಎಂದು ಪಾತ್ರೆ ತೊಳೆಯಲು ಕೂತೆ. ನೀರು ಚೆಲ್ಲಿ ಬಿಸಿಲಿಗೆ ಹಿಡಿದೆ. ಒಳಗೆ ಮಿಂಚು ಇಲ್ಲ. ಹದಿನೈದು ದಿನದ ಹಿಂದೆ ನನ್ನ ಮುಖ ಕಾಣುತ್ತಿದ್ದ ತಗಡು ಬೂದಿ ಬಳಿದಂತೆ ಮಂಕಾಗಿತ್ತು. ಬೆರಳಿಂದ ಉಜ್ಜಿದರೆ ಬಿಳಿ ಪುಡಿ. ತೊಟ್ಟಿಯಲ್ಲಿ ಉಳಿದಿದ್ದ ಎರಡು ಹನಿಯನ್ನು ನಾಲಿಗೆಗೆ ಹಚ್ಚಿಕೊಂಡೆ. ಬಾಯಿಯೆಲ್ಲ ಬಿಗಿದುಕೊಂಡಿತು.

ಆ ರುಚಿ ನನಗೆ ಗೊತ್ತು. ನಲವತ್ತೊಂದು ವರ್ಷ ಅದೇ ರುಚಿಯ ಗಾಳಿ ಕುಡಿದಿದ್ದೇನೆ. ಬೆಸುಗೆಗೆ ಮುಂಚೆ ನಾವು ಒಂದು ಬಾಟಲಿ ಆ್ಯಸಿಡ್ಡಿಗೆ ಜಿಂಕಿನ ಚೂರುಗಳನ್ನು ಹಾಕುತ್ತಿದ್ದೆವು. ಬುರಬುರ ಎಂದು ಉಕ್ಕುತ್ತದೆ, ಜಿಂಕು ಕರಗುತ್ತದೆ, ಆ್ಯಸಿಡ್ಡಿನ ಸೊಕ್ಕು ಇಳಿಯುತ್ತದೆ. ಆ ನೀರನ್ನು ಬಳಿದರೆ ಬೆಸುಗೆ ಕೂರುತ್ತದೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ನನ್ನ ಯಜಮಾನ ಹೇಳಿದ್ದ, ಹುಳಿಯಾದ ಯಾವುದನ್ನೂ ಜಿಂಕಿನ ಪಾತ್ರೆಯಲ್ಲಿ ಇಡಬೇಡ, ಅದು ವಿಷವಾಗುತ್ತದೆ ಎಂದು. ಗಿರಾಕಿಗಳಿಗೆ ಬಕೆಟ್ಟು ಕೊಡುವಾಗ ನಾನೇ ಎಷ್ಟು ಸಲ ಆ ಮಾತು ಹೇಳಿದ್ದೇನೆ. ಆ್ಯಸಿಡ್ಡಿನಷ್ಟು ಜೋರಿಲ್ಲ ವಿನೆಗರು, ನಿಜ. ಆದರೆ ಅಡಿಯಲ್ಲಿ ಬಲ್ಬು ಇಟ್ಟು ಹಗಲೂ ರಾತ್ರಿ ಬಿಸಿ ಮಾಡಿದೆನಲ್ಲ. ಒಂದು ಚಮಚ ಎರಡಾಯಿತು, ಎರಡು ಮೂರಾಯಿತು. ಔಷಧಿಯೆಂದು.

ಅವಳಿಗೆ ಗೊತ್ತಿದ್ದು ಅಡಿಗೆರೆ ಎಳೆದಳೋ ಇಲ್ಲವೋ ಕಾಣೆ. ನನಗೆ ಗೊತ್ತಿತ್ತು. ಗೊತ್ತಿದ್ದವನು ಪಾತ್ರೆಯ ಚೆಂದ ನೋಡುತ್ತಾ ಕೂತೆ.

ಮಂಕಾದ ಪಾತ್ರೆಯನ್ನು ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡಿದೆ. ಅಡುಗೆಮನೆಯ ಸ್ಟೀಲ್ ಬೋಗುಣಿಗಳಲ್ಲಿ ಬರಿಯ ಬಿಸಿನೀರು ಇಟ್ಟೆ. ಆಮೇಲೆ ಡಾಕ್ಟರ ಕ್ಲಿನಿಕ್ಕಿಗೆ ನಡೆದುಕೊಂಡು ಹೋದೆ. ನಾಯಿಗಳನ್ನು ಹಿಡಿದುಕೊಂಡ ನಾಲ್ಕು ಜನ ಕೂತಿದ್ದರು. ಅವರ ಮುಂದೆಯೇ ಹೇಳಿದೆ.

‘ನಿನ್ನೆ ಸುಳ್ಳು ಹೇಳಿದೆ ಮೇಡಂ. ಪಾತ್ರೆ ಬದಲಾಯಿಸಿದ್ದೆ. ಜಿಂಕಿಂದು. ನಾನೇ ಮಾಡಿದ್ದು.’

ಅವರು ಬೈಯಲಿಲ್ಲ. ಚೀಲ ತೆಗೆದುಕೊಂಡು ಜೊತೆಯಲ್ಲೇ ಬಂದರು.

ಜನವರಿ 30

ಅವಸರಿ ಇವತ್ತು ಬೆಳಿಗ್ಗೆ ಹೋಯಿತು. ಆರು ಉಳಿದಿವೆ. ಎಲ್ಲಕ್ಕೂ ದಿನವೂ ಚುಚ್ಚುಮದ್ದು ನಡೆದಿದೆ. ಐದು ಕೋಳಿಗಳು ವಿಟಮಿನ್ ಪುಡಿ ಬೆರೆಸಿದ ಬೆಚ್ಚಗಿನ ನೀರನ್ನು ತಾವೇ ಕುಡಿಯುತ್ತಿವೆ. ಬದುಕಬಹುದು ಎಂದರು ಡಾಕ್ಟರು. ಅಂಟುರೋಗವಲ್ಲ, ಇಲಾಖೆಯವರು ಬರುವುದಿಲ್ಲ.

ಜುಟ್ಟಿಯದೇ ಕಷ್ಟ. ನೀರು ಮುಟ್ಟುವುದಿಲ್ಲ. ‘ಮದ್ದು ವಿಷಾನ ಬಿಡಿಸುತ್ತೆ, ಅದನ್ನ ಹೊರಗೆ ತಗೊಂಡು ಹೋಗೋಕೆ ನೀರು ಬೇಕಲ್ಲ. ನಾಳೆ ಸಂಜೆಯೊಳಗೆ ಕುಡಿದ್ರೆ ಉಳಿಯುತ್ತೆ’ ಎಂದರು. ಡ್ರಾಪರಿನಲ್ಲಿ ಕೊಕ್ಕಿನ ಸಂದಿಗೆ ಹಾಕಿದರೆ ತಲೆ ಒದರಿ ನನ್ನ ಅಂಗಿಗೇ ಚೆಲ್ಲುತ್ತಾಳೆ. ಒಂದು ಗಂಟೆಗೊಮ್ಮೆ ಪ್ರಯತ್ನ ಮಾಡಿದೆ. ಒಂದು ಗುಟುಕೂ ಒಳಗೆ ಹೋಗಲಿಲ್ಲ. ಇಂಥ ಹಟಮಾರಿಯನ್ನು ನಾನು ನೋಡಿಲ್ಲ.

ಸೊಸೆ ಈಗೆಲ್ಲ ಫೋನಿನಲ್ಲಿ ‘ಕುಡಿದ್ವಾ?’ ಎಂದಷ್ಟೇ ಕೇಳುತ್ತಾಳೆ. ‘ಕುಡಿದ್ವು’ ಎನ್ನುತ್ತೇನೆ. ಇಡುತ್ತಾಳೆ. ಇಂದು ಆಮೇಲೆ ಮಗ ಬೇರೆಯಾಗಿ ಮಾಡಿದ.

‘ಬಿ.ಪಿ. ಇಳೀತಿಲ್ಲ ಅಪ್ಪ. ಮಾತ್ರೆ ಜಾಸ್ತಿ ಮಾಡಿದ್ರೂ ಇಳೀತಿಲ್ಲ. ಹೀಗೇ ಆದ್ರೆ ಈಗಲೇ ಆಪರೇಷನ್ ಮಾಡಿ ಮಗು ತೆಗೀಬೇಕಾಗುತ್ತೆ ಅಂತಿದಾರೆ. ಇನ್ನೂ ಬಲಿತಿಲ್ಲ ಅದು.’

‘ಯಾವಾಗಿಂದ ಹೀಗೆ?’

‘ಭಾನುವಾರ ರಾತ್ರಿಯಿಂದ. ಅದಕ್ಕೆ ಮುಂಚೆ ಚೆನ್ನಾಗೇ ಇದ್ಲು. ಯಾಕೆ ಅಂತಾನೇ ಗೊತ್ತಾಗ್ತಿಲ್ಲ.’

ಭಾನುವಾರ. ಭಾನುವಾರ ಸಂಜೆಯೇ ಅವಳು ಜುಟ್ಟಿಯ ಸ್ವರ ಕೇಳಿದ್ದು.

ಮಗನಿಗೆ ಹೇಳಿದೆ, ನಾಳೆ ಬಂದು ಅವಳಿಗೆ ಎಲ್ಲ ತಿಳಿಸುತ್ತೇನೆ ಎಂದು. ಅವನು ಹೌಹಾರಿದ. ‘ಬೇಡ ಅಪ್ಪ, ಕೈಮುಗೀತೀನಿ, ಈ ಸ್ಥಿತಿಲಿ ಅವಳಿಗೆ ಏನಾದ್ರೂ ಆದ್ರೆ ನಾನು ನಿಮ್ಮನ್ನ ಕ್ಷಮಿಸಲ್ಲ’ ಎಂದ. ಅವನ ಮಾತಿನಲ್ಲಿ ಸುಳ್ಳಿಲ್ಲ. ಹೇಳಿದರೆ ಏರಬಹುದು. ಹೇಳದಿದ್ದರೂ ಏರುತ್ತಿದೆ. ಬಿಸಿತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಭಯವಾಗುತ್ತಿದೆ. ನನಗೆ ಇಷ್ಟು ಭಯ ಹೆಂಡತಿ ಹಾಸಿಗೆ ಹಿಡಿದಾಗ ಆಗಿತ್ತು, ಆಮೇಲೆ ಇವತ್ತು.

ಜನವರಿ 31, ಶುಕ್ರವಾರ. ಬಸ್ಸಿನಲ್ಲಿ

ಅಕ್ಷರ ಕುಣಿಯುತ್ತಿದೆ, ಆದರೂ ಮರೆಯುವ ಮುಂಚೆ ಬರೆಯಬೇಕು.

ಕೋಳಿಗಳನ್ನು ಟೀಚರಿಗೆ ಒಪ್ಪಿಸಿ ಬೆಳಗಿನ ಬಸ್ಸು ಹಿಡಿದಿದ್ದೆ. ಮಗ ವಾರ್ಡಿನ ಬಾಗಿಲಲ್ಲೇ ಅಡ್ಡ ನಿಂತಿದ್ದ. ಬೇಡವೆಂದು ತಲೆ ಅಲ್ಲಾಡಿಸಿದ. ಅವನ ಹೆಗಲ ಮೇಲೆ ಕೈಯಿಟ್ಟು ಪಕ್ಕಕ್ಕೆ ಸರಿಸಿದೆ. ಬಿಡುತ್ತಾನೆಂದು ನಾನು ಅಂದುಕೊಂಡಿರಲಿಲ್ಲ, ಬಿಟ್ಟ.

ಅವಳು ಎಡಮಗ್ಗುಲಾಗಿ ಮಲಗಿದ್ದಳು. ಮುಖ ಊದಿಕೊಂಡಿತ್ತು. ತೋಳಿಗೆ ಬಿ.ಪಿ. ಪಟ್ಟಿ ಸುತ್ತಿ ನರ್ಸೊಬ್ಬರು ಪಕ್ಕದಲ್ಲಿದ್ದರು. ಸ್ಟೂಲು ಎಳೆದುಕೊಂಡು ಕೂತೆ. ನಾನು ಮಾತು ತೆಗೆಯುವ ಮೊದಲೇ ಅವಳೇ ಕೇಳಿದಳು.

‘ಎಷ್ಟು ಉಳಿದಿವೆ ಮಾವ?’

‘ಆರು.’

ಕಣ್ಣು ಮುಚ್ಚಿದಳು. ‘ಯಾವ್ಯಾವ್ದು ಹೋಯ್ತು?’

‘ಗೋಧಿ. ಮಸಿ. ನಿನ್ನೆ ಅವಸರಿ.’

ಆಮೇಲೆ ಎಲ್ಲ ಹೇಳಿದೆ. ಡಬ್ಬ ಮರೆತದ್ದು, ಸುತ್ತಿಗೆ, ಹೊಸ ಪಾತ್ರೆ, ವಿನೆಗರ್ ಹೆಚ್ಚಿಸಿದ್ದು, ಅಂಗಡಿಯವನನ್ನು ಬೈದದ್ದು. ಮೊದಲಿಂದ ಕೊನೆಯವರೆಗೂ. ಅವಳ ಕಣ್ಣಿಂದ ನೀರು ಇಳಿದು ದಿಂಬು ಒದ್ದೆಯಾಯಿತು, ಒರೆಸಿಕೊಳ್ಳಲಿಲ್ಲ.

‘ಎರಡು ಗೆರೆ ಹಾಕಿ ಬರೆದಿದ್ದೆ.’

‘ಹೌದಮ್ಮ, ಬರೆದಿದ್ದೆ.’

‘ಲೋಹದ ಪಾತ್ರೆಗೆ ವಿನೆಗರ್ ಆಗಲ್ಲ ಅಂತ ಎಲ್ಲೋ ಓದಿದ್ದೆ. ತಗಡಿನ ಕೆಲಸದವ್ರಿಗೆ ಅದನ್ನ ಬಿಡಿಸಿ ಹೇಳ್ಬೇಕಾ ಅಂತ ಬರೀಲಿಲ್ಲ.’

‘ನಿನಗಿಂತ ಚೆನ್ನಾಗಿ ನನಗೇ ಗೊತ್ತಿತ್ತಮ್ಮ. ಗೊತ್ತಿದ್ದೂ ಮಾಡಿದೆ. ತಪ್ಪು ನನ್ನದು.’

ನರ್ಸು ಪಟ್ಟಿಗೆ ಗಾಳಿ ಒತ್ತುತ್ತಿದ್ದರು. ಮಗ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಮುಳ್ಳು ನಿಂತ ಮೇಲೆ ನರ್ಸು ಇನ್ನೊಮ್ಮೆ ಒತ್ತಿ ನೋಡಿದರು. ‘ಇಳಿದಿಲ್ಲ,’ ಎಂದರು, ‘ಆದ್ರೆ ಏರಿಲ್ಲ.’

‘ಭಾನುವಾರನೇ ಗೊತ್ತಾಯ್ತು ನಂಗೆ,’ ಎಂದಳು ಸೊಸೆ. ‘ಅವತ್ತಿಂದ ದಿನಾ ಫೋನ್ ಇಟ್ಟ ಮೇಲೆ ಎಣಿಸ್ತಾ ಮಲಗಿರ್ತೀನಿ. ಒಂದ್ಸಲ ಎಂಟಿವೆ ಅನ್ಸುತ್ತೆ. ಒಂದ್ಸಲ ಒಂದೂ ಇಲ್ಲ ಅನ್ಸುತ್ತೆ. ಎಲ್ಲರೂ ಸೇರಿ ಮುಚ್ಚಿಡ್ತಿದ್ದೀರಿ, ಹಾಗಾದ್ರೆ ಮಗೂದೂ ಏನೋ ಮುಚ್ಚಿಟ್ಟಿರ್ಬೇಕು ಅನ್ಸುತ್ತೆ. ಯಾರನ್ನ ಕೇಳ್ಲಿ?’

ಮಗ ಒಳಗೆ ಬಂದು ಅವಳ ಕಾಲ ಬಳಿ ಕೂತ. ‘ಮಗು ಚೆನ್ನಾಗಿದೆ ಕಣೆ. ದೇವರಾಣೆ’ ಎಂದು ಅತ್ತುಬಿಟ್ಟ. ನಾನು ಕಿಟಕಿಯ ಕಡೆ ನೋಡಿದೆ. ನನ್ನಿಂದ ಸತ್ತದ್ದು ಮೂರು ಕೋಳಿ ಎಂದುಕೊಂಡು ಬಂದಿದ್ದೆ. ಅದಕ್ಕಿಂತ ದೊಡ್ಡದನ್ನು ಮಾಡುತ್ತಿದ್ದೆನಲ್ಲ.

‘ಜುಟ್ಟಿ?’ ಎಂದಳು.

‘ಇದಾಳೆ. ಆದ್ರೆ ನೀರು ಮುಟ್ತಿಲ್ಲ. ಇವತ್ತು ಸಂಜೆಯೊಳಗೆ ಕುಡೀಬೇಕಂತೆ. ಡ್ರಾಪರಿನಲ್ಲಿ ಹಾಕಿದ್ರೆ...’

ಅವಳು ದಡಕ್ಕನೆ ಎದ್ದು ಕೂತಳು. ನರ್ಸು ಗದರಿದರೂ ಕೇಳಲಿಲ್ಲ.

‘ಡ್ರಾಪರ್ ಬೇಡ ಮಾವ! ಅವಳಿಗೆ ಬಲವಂತ ಆಗಲ್ಲ. ನಿಂತ ನೀರೂ ಕುಡಿಯಲ್ಲ ಅವಳು ಹುಷಾರಿಲ್ಲದಾಗ. ನೀರು ಬೀಳೋದು ಕಾಣ್ಬೇಕು. ಒಂದು ಸ್ಟೀಲ್ ಮುಚ್ಚಳ ಮಗುಚಿ ಬೆಳಕಲ್ಲಿ ಇಡಿ. ಬೆರಳನ್ನ ನೀರಲ್ಲಿ ಅದ್ದಿ, ಅದ್ರ ಮೇಲೆ ಒಂದೊಂದೇ ಹನಿ ಬೀಳಿಸಿ. ಟಕ್ ಅಂತ ಸದ್ದಾಗ್ಬೇಕು. ಬೇಗ ಬೇಗ ಬೀಳಿಸ್ಬೇಡಿ. ಅವಳ ಮುಖಾನೂ ನೋಡ್ಬೇಡಿ. ನೀರಿಗೆ ವಿಟಮಿನ್ ಜೊತೆ ಒಂಚೂರು ಸಕ್ಕರೆ.’

‘ಎಷ್ಟು ಹೊತ್ತು ಬೀಳಿಸ್ಲಿ?’

‘ಅವಳು ಬರೋ ತನಕ. ನಡೀರಿ ಮಾವ, ಬಸ್ಸು ತಪ್ಪುತ್ತೆ. ಮೊದಲೇ ಹೇಳಿದ್ರೆ ಮೊದಲೇ ಹೇಳ್ತಿದ್ದೆನಲ್ಲ!’

ಕಾಫಿ ಕುಡಿಯಲೂ ಬಿಡಲಿಲ್ಲ. ಬಸ್ ನಿಲ್ದಾಣದವರೆಗೆ ಮಗ ಜೊತೆಯಲ್ಲಿ ಬಂದ. ಬಸ್ಸು ಹೊರಡುವಾಗ ಕಿಟಕಿಯಿಂದ ಎರಡು ಬಾಳೆಹಣ್ಣು ಕೊಟ್ಟ.

ಅದೇ ದಿನ, ಸಂಜೆ

ಮನೆ ಸೇರಿದಾಗ ನಾಲ್ಕೂವರೆ. ಅಡುಗೆಮನೆಯ ಪಶ್ಚಿಮದ ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಜುಟ್ಟಿ ಗೋಣಿಯ ಮೇಲೆ ಕತ್ತು ಒಳಗೆಳೆದುಕೊಂಡು ಕೂತಿದ್ದಳು. ಟೀಚರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕಾವಲಿದ್ದರು. ‘ಹಾಗೇ ಇದಾಳೆ’ ಎಂದರು.

ಮುಚ್ಚಳ ಮಗುಚಿ ಬೆಳಕಿಗೆ ಇಟ್ಟೆ. ನೀರು ಬೆಚ್ಚಗೆ ಮಾಡಿ, ಪುಡಿ ಹಾಕಿ, ಸಕ್ಕರೆ ಹಾಕಿ ಕದಡಿದೆ. ನೆಲದ ಮೇಲೆ ಕೂತು ಬೆರಳು ಅದ್ದಿದೆ. ಒಂದು ಹನಿ. ಟಕ್. ಜುಟ್ಟಿಯ ಕಣ್ಣು ಮುಚ್ಚಿಯೇ ಇತ್ತು. ಇನ್ನೊಂದು. ಮತ್ತೊಂದು. ನನ್ನ ಬೆರಳು ತಗಡು ಬಡಿದು ಮೊಂಡಾದದ್ದು, ಹನಿ ಸರಿಯಾಗಿ ನಿಲ್ಲುವುದಿಲ್ಲ. ಕಿರುಬೆರಳಿಗೆ ಬದಲಾಯಿಸಿದೆ. ಅವಳ ಮುಖ ನೋಡಬಾರದೆಂದು ಮುಚ್ಚಳವನ್ನೇ ನೋಡುತ್ತಿದ್ದೆ. ಮಂಡಿ ಮರಗಟ್ಟಿತು. ಕಿಟಕಿಯ ಬೆಳಕು ಮುಚ್ಚಳದ ಅಂಚಿಗೆ ಸರಿಯಿತು, ನಾನು ಮುಚ್ಚಳವನ್ನು ಬೆಳಕು ಹೋದ ಕಡೆಗೆ ಸರಿಸಿದೆ.

ಐದಕ್ಕೆ ಫೋನು. ಎಡಗೈಯಲ್ಲಿ ಎತ್ತಿ ಕಿವಿಗೂ ಭುಜಕ್ಕೂ ಸಿಕ್ಕಿಸಿಕೊಂಡೆ. ಹನಿ ನಿಲ್ಲಿಸಲಿಲ್ಲ.

‘ಕುಡಿದ್ಲಾ ಮಾವ?’

‘ಇಲ್ಲಮ್ಮ. ಇನ್ನೂ ಇಲ್ಲ.’

‘ಇಡ್ಬೇಡಿ. ಹಾಗೇ ಇರಿ.’

ಇಡಲಿಲ್ಲ. ಅವಳ ಉಸಿರು ನನಗೆ ಕೇಳುತ್ತಿತ್ತು, ಅವಳಿಗೆ ಹನಿಯ ಸದ್ದು ಕೇಳುತ್ತಿತ್ತೋ ಏನೋ. ಎಷ್ಟು ಹೊತ್ತಾಯಿತೋ ಗಡಿಯಾರ ನೋಡಲಿಲ್ಲ. ಮುಚ್ಚಳದ ಮೇಲೆ ಒಂದು ಕೊಕ್ಕು ಬಂತು. ನನ್ನ ಬೆರಳಿಂದ ಬಿದ್ದ ಹನಿಯನ್ನು ಕುಕ್ಕಿತು. ಕತ್ತು ಮೇಲೆತ್ತಿತು. ಗಂಟಲು ಕದಲಿತು. ಇನ್ನೊಂದು ಹನಿ, ಇನ್ನೊಂದು ಕುಕ್ಕು. ಆಮೇಲೆ ಬೋಗುಣಿಯನ್ನೇ ಹತ್ತಿರ ತಂದು ಅದರೊಳಗೇ ಹನಿ ಬೀಳಿಸಿದೆ. ಮುಖ ಅದ್ದಿ ಕುಡಿದಳು. ಟೀಚರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು.

‘ಕುಡೀತಾ ಇದಾಳೆ,’ ಎಂದೆ.

‘ಸುಳ್ಳಲ್ಲ ತಾನೆ ಮಾವ?’

‘ಸುಳ್ಳಲ್ಲಮ್ಮ.’

‘ನಿಜವಾಗ್ಲೂ?’

‘ನಿಜವಾಗ್ಲೂ. ಕುಡೀತಾ ಇದಾಳೆ.’

ಅವಳು ಮತ್ತೆ ಕೇಳಿದಳು. ಎಷ್ಟು ಸಲ ಕೇಳಿದಳೋ ಅಷ್ಟು ಸಲವೂ ಹೇಳಿದೆ.